ಗಡಗಡಾಸುರನ ಗೆಡ್ಡೆಯೂ ಪುಟ್ಟೀರಿಯ ಸಾಸಿವೆಯೂ

"ಕೇಳ್ರಪ್ಪೋ ಕೇಳಿ! ಏಳು ಬೆಟ್ಟದ ದೊರೆ ಗಡಗಡಾಸುರನ ಅಪ್ಪಣೆ! ದೊರೆಯ ಮೂರು ಒಗಟು ಬಿಡಿಸಿ ರೋಗ ಕಳೆದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪು ಹೇಳಿದವರು ಗವಿ ಸೇರತಕ್ಕದ್ದು. ದೊರೆಗೆ ಹಸಿವು ಮರಳಿದ ದಿನ ಅವರೇ ಊಟ!"

ಹೀಗೆಂದು ರಾಕ್ಷಸರ ನಾಡಿನಲ್ಲೆಲ್ಲ ಡಂಗುರ ಹೊಡೆಸಿದರು. ರೋಗ ಯಾವುದೆಂದರೆ, ಹೇಳಲು ನಾಚಿಕೆ ಯಾಕೆ, ಉಚ್ಚೆಯ ಚೀಲದ ಬುಡದಲ್ಲಿ ಗಂಡಸರಿಗೆ ಮಾತ್ರ ಒಂದು ಗ್ರಂಥಿ ಇದೆಯಲ್ಲ, ಅದರಲ್ಲಿ ಕೆಟ್ಟ ಗೆಡ್ಡೆ ಬೆಳೆದಿತ್ತು. ಬೆಟ್ಟ ಅಲ್ಲಾಡಿಸುವ ರಾಕ್ಷಸ ಪೊದೆಯ ಹಿಂದೆ ನಿಂತು ಹನಿ ಹನಿಗೂ ಅಳುತ್ತಿದ್ದ. ಊಟ ಸೇರುತ್ತಿರಲಿಲ್ಲ. ಅವನ ಮುದಿ ವೈದ್ಯನ ಬಳಿ ಗೆಡ್ಡೆ ಸಾಯಿಸುವ ವಿಷವೇನೋ ಇತ್ತು, ಆದರೆ ಅದು ಕುಡಿದವನನ್ನೂ ಸಾಯಿಸುತ್ತಿತ್ತು.

ಮೊದಲ ಒಗಟು ಇದು: "ಊರ ಬೀದಿಯಲ್ಲೆಲ್ಲ ಸಾಧು, ಒಂದು ಮನೆ ಹೊಕ್ಕೊಡನೆ ಹುಲಿ. ಯಾರದು?"

ಒಬ್ಬ ಪಾಳೆಯಗಾರ ಮೀಸೆ ತಿರುವಿ "ಅತ್ತೆ!" ಎಂದ. ಗವಿಗೆ ಹೋದ. ಒಬ್ಬ ಜ್ಯೋತಿಷಿ ಬೆರಳು ಮಡಿಸಿ "ಬೆಂಕಿ" ಎಂದ. ಅವನೂ ಹೋದ. ಉಪ್ಪಿನಕಾಯಿ ಮಾರಲು ಬೆಟ್ಟ ಹತ್ತಿದ್ದ ದಾಸೇಗೌಡ, ಕೇಳಿದ್ದೆಲ್ಲ ಕೊಡುತ್ತಾರೆಂಬ ಆಸೆಗೆ ಬಿದ್ದು "ಗಂಡ!" ಎಂದುಬಿಟ್ಟ. ಕಾವಲಿನ ರಾಕ್ಷಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಅವನನ್ನೂ ಗವಿಗೆ ತಳ್ಳಿದರು.

ಸುದ್ದಿ ತಿಳಿದ ಅವನ ಹೆಂಡತಿ ಪುಟ್ಟೀರಿ ಬೆಳಗಿನಿಂದ ಮಧ್ಯಾಹ್ನದವರೆಗೆ ಅವನನ್ನು ಬೈದಳು. ಆಮೇಲೆ ಅವನಿಲ್ಲದ ಮನೆಯಲ್ಲಿ ಕೂರಲಾರದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಟ್ಟ ಹತ್ತಿದಳು. ಪೆದ್ದನಾದರೂ ಅವನೆಂದರೆ ಅವಳಿಗೆ ಪ್ರಾಣ.

ಒಗಟು ಕೇಳಿ ಅವಳು ತಟ್ಟನೆ ಹೇಳಿದಳು: "ಸಾಸಿವೆ, ಬುದ್ಧಿ! ಇಡೀ ಕಾಳು ನುಂಗಿ, ನಾಲಿಗೆಗೆ ಗೊತ್ತೇ ಆಗಕ್ಕಿಲ್ಲ. ಒರಳಿಗಾಕಿ ನೀರು ಬಿಟ್ಟು ಅರೀರಿ, ಮೂಗು ಕಿತ್ಕೊಂಡ್ ಬತ್ತದೆ. ಒರಳೇ ಅದು ಹುಲಿಯಾಗೋ ಮನೆ."

ರಾಕ್ಷಸ ನೆಟ್ಟಗೆ ಕೂತ. "ಸರಿ, ಎರಡನೆಯದು. ನನ್ನ ಮನೆಗೆ ಕಳ್ಳ ಹೊಕ್ಕಿದ್ದಾನೆ. ಕತ್ತಿ ಬೀಸಿದರೆ ಮನೆಯವರೂ ಸಾಯುತ್ತಾರೆ. ಕಳ್ಳನೊಬ್ಬನನ್ನೇ ಕೊಲ್ಲುವವರು ಯಾರು?"

ಮನೆಯೆಂದರೆ ದೊರೆಯ ಮೈ, ಕಳ್ಳನೆಂದರೆ ಆ ಗೆಡ್ಡೆ ಎಂದು ಪುಟ್ಟೀರಿಗೆ ಹೊಳೆಯಿತು, ಕೊಲ್ಲುವವರು ಯಾರೆಂದು ಮಾತ್ರ ತೋಚಲಿಲ್ಲ. ಗವಿಯ ಕಡೆಯಿಂದ ಗಂಡನ ಕೆಮ್ಮು ಕೇಳಿಸಿತು. ಅವಳು ಮುದಿ ವೈದ್ಯನ ಕಡೆ ತಿರುಗಿದಳು.

"ತಾತ, ಆ ಗೆಡ್ಡೆ ಸುಮ್ಕೆ ಕೂತಿರ್ತದಾ, ಏನಾದ್ರೂ ಮಾಡ್ತದಾ?"

"ಒಂದು ರಸ ಸುರಿಸುತ್ತೆ ಮಗಾ. ಒಂದು ಜಾತಿಯ ಸಣ್ಣ ನೂಲು ಸಿಕ್ಕಿದರೆ ಕಚಕ್ಕನೆ ಕತ್ತರಿಸುತ್ತೆ. ಅದೇ ರಸ ರಕ್ತಕ್ಕೆ ಬಿತ್ತೋ, ಬಾಯಿ ಕಟ್ಟಿದ ನಾಯಿ ಹಾಗೆ ಸುಮ್ಮನಾಗುತ್ತೆ."

"ಹಂಗಾರೆ ಕೊಲ್ಲೋನು ಕಳ್ಳನೇ, ಬುದ್ಧಿ!" ಪುಟ್ಟೀರಿ ಚಪ್ಪಾಳೆ ತಟ್ಟಿದಳು. "ತಾತನ ವಿಷದ ಬಾಯನ್ನ ಅದೇ ನೂಲಲ್ಲಿ ಹೊಲಿಯವ. ಮೈಯೆಲ್ಲ ಸುತ್ತಿದ್ರೂ ಯಾರ ತಂಟೆಗೂ ಹೋಗಕ್ಕಿಲ್ಲ. ಕಳ್ಳನ ಹತ್ರ ಹೋದಾಗ ಅವನೇ ತನ್ನ ಕತ್ತರೀಲಿ ಬಿಚ್ಕೊಂಡು ಸಾಯ್ತಾನೆ."

ಮುದಿ ವೈದ್ಯ ಕೋಲು ಎಸೆದು ಕುಣಿದ. "ವಿಷ ನನ್ನ ಹತ್ತಿರ ಇತ್ತು, ನೂಲೂ ಗೊತ್ತಿತ್ತು. ಹೊಲಿಯಬೇಕು ಅಂತ ಹೊಳೆದಿರಲಿಲ್ಲವಲ್ಲೋ!"

ಇಬ್ಬರೂ ಸೇರಿ ಔಷಧಿ ಮಾಡಲು ಕೂತರು. ಮೊದಲು ಹಾಕಿದ ಹೊಲಿಗೆ ಎಷ್ಟು ಬಿಗಿಯಾಯಿತೆಂದರೆ ಗೆಡ್ಡೆಯ ರಸಕ್ಕೂ ಬಿಚ್ಚಲಾಗಲಿಲ್ಲ. ಸಡಿಲ ಮಾಡಿದರೆ ಬರೀ ನೀರಿಗೇ ಬಿಚ್ಚಿಕೊಂಡು, ಬಟ್ಟಲಿಗೆ ಬಿದ್ದ ನೊಣ ಸತ್ತಿತು. ಮುದುಕ ತಲೆ ಮೇಲೆ ಕೈ ಹೊತ್ತ. ಪುಟ್ಟೀರಿ "ಹದ ಅನ್ನೋದು ಒಂದೇ ದಿನಕ್ಕೆ ಬಂದದಾ ತಾತ?" ಎಂದು ಮತ್ತೆ ಮತ್ತೆ ಮಾಡಿಸಿದಳು. ಕೊನೆಗೂ ಹದ ಸಿಕ್ಕಿತು.

ಆಗ ರಾಕ್ಷಸ ಮೂರನೆಯ ಒಗಟು ಹಾಕಿದ: "ಈ ಬಟ್ಟಲಿನಿಂದ ಮೊದಲು ನೀನು ಕುಡಿ. ನೀನು ಸಾಯಬಾರದು, ನನ್ನ ಗೆಡ್ಡೆ ಉಳಿಯಬಾರದು. ಒಂದೇ ಮದ್ದು ಅಮೃತವೂ ವಿಷವೂ ಆಗುವುದು ಹೇಗೆ?"

ಅವಳು ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. ಏನೂ ಆಗಲಿಲ್ಲ. "ಆ ಕಳ್ಳ ಕೂರೋ ಮನೆಯೇ ಹೆಂಗಸರ ಮೈಯಲ್ಲಿ ಇಲ್ಲ ಬುದ್ಧಿ. ಕತ್ತರಿ ಇಲ್ದಿದ್ರೆ ಹೊಲಿಗೆ ಬಿಚ್ಚೋರ್ಯಾರು?"

"ಹಾಗಾದರೆ ಇದು ಬರೀ ನೀರೇ ಇರಬಹುದು!" ರಾಕ್ಷಸ ಗುಡುಗಿದ. ಕಾವಲಿನವರು ಅವಳ ತೋಳು ಹಿಡಿದರು.

"ಹಂಗಾರೆ ನನ್ನ ಮಾತು ನಂಬಬ್ಯಾಡಿ, ಬುದ್ಧಿ. ಕಣ್ಣಾರೆ ನೋಡಿ."

ವೈದ್ಯ ಸೂಜಿಯಿಂದ ಗೆಡ್ಡೆಯ ಒಂದು ಚೂರು ತೆಗೆದ. ದೊರೆಯ ಅಳು ಕೇಳಿ ಕಾವಲಿನವರು ಮುಖ ತಿರುಗಿಸಿಕೊಂಡರು. ಒಂದು ಬಟ್ಟಲಲ್ಲಿ ಆ ಚೂರು, ಇನ್ನೊಂದರಲ್ಲಿ ದೊರೆಯ ರಕ್ತ. ಎರಡಕ್ಕೂ ಮದ್ದು ಹಾಕಿದರು. ರಕ್ತ ಕೆಂಪಗೆ ಹಾಗೇ ಉಳಿಯಿತು. ಗೆಡ್ಡೆಯ ಚೂರು ಕರಗಿಹೋಯಿತು. ರಾಕ್ಷಸ ತನ್ನ ಪಾಲು ಕುಡಿದ.

ಮುಂದೊಂದು ಬೆಳಿಗ್ಗೆ ಪೊದೆಯ ಹಿಂದಿನಿಂದ ಹಳ್ಳ ಹರಿದ ಸದ್ದು ಬಂತು. ನಿಲ್ಲಲೇ ಇಲ್ಲ. ಗಡಗಡಾಸುರ ಎರಡೂ ಕೈ ಎತ್ತಿ ಕೇಕೆ ಹಾಕುತ್ತ ಓಡಿಬಂದ. ರಾಕ್ಷಸರೆಲ್ಲ ತಮಟೆ ಬಡಿದು ಕುಣಿದರು. ಪುಟ್ಟೀರಿಯೂ ಕುಣಿದಳು.

ಅಷ್ಟರಲ್ಲಿ ದೊರೆ ಹೊಟ್ಟೆ ಸವರಿಕೊಂಡ. "ಅಬ್ಬಾ, ಎಂಥ ಹಸಿವು! ಗವಿ ತೆಗೆಯಿರಿ!"

ತಮಟೆ ನಿಂತಿತು. ಪುಟ್ಟೀರಿ ಗವಿಯ ಕಡೆ ತಿರುಗಿದಳು. ಗಂಡನ ಸಾವನ್ನು ತಾನೇ ಕೈಯಾರೆ ಅರೆದು ಕುಡಿಸಿದಂತಾಯಿತಲ್ಲ!

"ಮಗಳೇ, ನಿನ್ನ ಬಹುಮಾನ ಬೇಗ ಕೇಳು," ಎಂದ ರಾಕ್ಷಸ. "ಚಿನ್ನವೋ, ರಾಜ್ಯವೋ? ಊಟಕ್ಕೆ ಹೊತ್ತಾಯಿತು."

"ನಿಮ್ಮ ಇವತ್ತಿನ ಊಟ ನನಗೆ ಕೊಡಿ, ಬುದ್ಧಿ."

ರಾಕ್ಷಸ ಅವಳನ್ನೇ ನೋಡಿದ. ಗವಿಯನ್ನು ನೋಡಿದ. ಆಮೇಲೆ ಏಳು ಬೆಟ್ಟವೂ ನಡುಗುವಂತೆ ನಕ್ಕು, ಬೀಗದ ಕೈಯನ್ನು ಅವಳ ಮಡಿಲಿಗೆ ಹಾಕಿದ.

ಗವಿಯಿಂದ ಎಲ್ಲರೂ ಬಿದ್ದಂಬೀಳ ಓಡಿದರು. ದಾಸೇಗೌಡ ಮಾತ್ರ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ. ಪುಟ್ಟೀರಿ ದಾರಿಯುದ್ದಕ್ಕೂ ಕೂಡಿಟ್ಟಿದ್ದ ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಅವನ ಮುಖ ಹಿಡಿದುಕೊಂಡು ಅತ್ತಳು, ನಕ್ಕಳು, "ನಡಿ, ಮನೆಗೋಗವ" ಎಂದಳು.

ಅವರ ಮನೆಯ ನಗು ಅವರಿಗಿರಲಿ, ಕೇಳಿದ ಸಂತೋಷ ನಿಮಗಿರಲಿ. ಹೇಳಿ ಹೇಳಿ ಒಣಗಿದ ಈ ಗಂಟಲಿಗೆ ಯಾರಾದರೂ ಒಂದು ಲೋಟ ಮಜ್ಜಿಗೆ ಕೊಡಿ.