ಗರಿ ಕಿತ್ತ ಬಾಣ

“ಗುರುಗಳೇ, ಶಿಷ್ಯನಾದವನು ಗುರುವಿನ ಮಾತನ್ನು ಮೀರಬಹುದೇ?”

ಬೆಳಗಿನ ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಕೇಳಿದವನು ನಾಲ್ಕು ವರ್ಷದಿಂದ ಮಠದಲ್ಲಿದ್ದ ಶಿಷ್ಯ. ಒಂದು ದಿನವೂ ಎದುರು ಮಾತಾಡಿದವನಲ್ಲ. ಗುರುಗಳು ಅವನಿಗೆ ಕುಳಿತುಕೊಳ್ಳಲು ಹೇಳಿದರು. ಆಮೇಲೆ ಈ ಕತೆಯನ್ನು ಹೇಳಿದರು.

ಒಬ್ಬಳು ಬಸ್ ಕಂಡಕ್ಟರ್ ಇದ್ದಳು. ಹೆಸರು ನಾಗವೇಣಿ. ಅವಳಿಗೆ ಬಿಲ್ಲುವಿದ್ಯೆ ಕಲಿಯಬೇಕೆಂಬ ಆಸೆ ಹುಟ್ಟಿದಾಗ ವಯಸ್ಸು ಇಪ್ಪತ್ತಾರು ದಾಟಿತ್ತು. ಖಾಕಿ ಬಟ್ಟೆಯಲ್ಲೇ ಮೈದಾನಕ್ಕೆ ಹೋದಳು. ಕಲಿಯುತ್ತಿದ್ದವರು ಅವಳನ್ನು ನೋಡಿ ನಕ್ಕರು. ಕಲಿಸುತ್ತಿದ್ದವರು ಮಾತ್ರ ನಗಲಿಲ್ಲ. ಅವರು ಸೈನ್ಯದಿಂದ ನಿವೃತ್ತರಾದ ಒಬ್ಬ ಸುಬೇದಾರರು. ಅವಳ ಕೈಗೆ ಬಿಲ್ಲು ಕೊಟ್ಟು, “ಎಳೆ” ಎಂದರು. ಅವಳು ಎಳೆದಳು. “ನಾಳೆಯಿಂದ ಬಾ” ಎಂದರು.

ಎಂಟು ವರ್ಷ ಅವಳು ಹೋದಳು. ಬೆಳಗಿನ ಪಾಳಿ ಇದ್ದ ದಿನ ಸಂಜೆ, ಸಂಜೆಯ ಪಾಳಿ ಇದ್ದ ದಿನ ಬೆಳಗ್ಗೆ. ಸುಬೇದಾರರು ನಿಲ್ಲು ಎಂದಷ್ಟು ಹೊತ್ತು ನಿಂತಳು. ಬಿಡು ಎಂದಾಗ ಬಿಟ್ಟಳು. ಮೊದಲ ಆರು ತಿಂಗಳು ಅವರು ಬಾಣವನ್ನೇ ಕೊಡಲಿಲ್ಲ. ಬರಿಯ ರಬ್ಬರ್ ಪಟ್ಟಿ ಎಳೆಸಿದರು. ಅವಳು ಯಾಕೆ ಎಂದು ಕೇಳಲಿಲ್ಲ.

ಸ್ವಂತ ಬಿಲ್ಲಿಲ್ಲದವರಿಗೆಲ್ಲ ಸೇರಿ ಮೈದಾನದಲ್ಲಿ ಒಂದೇ ಬಿಲ್ಲಿತ್ತು. ಅವಳ ಮೈಕಟ್ಟಿಗೆ ಅದು ಉದ್ದವಾಯಿತು, ಭಾರವಾಯಿತು. ಅದರಲ್ಲೇ ಅವಳು ಜಿಲ್ಲೆಯ ಮಟ್ಟದವರೆಗೆ ಬಂದಳು. ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಮೂವತ್ತನಾಲ್ಕನೆಯ ವರ್ಷದಲ್ಲಿ ಡಿಪೋದ ನೌಕರರೆಲ್ಲ ಸೇರಿ ಅವಳಿಗೊಂದು ಹೊಸ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು ತರಿಸಿಕೊಟ್ಟರು. ರಾಜ್ಯದ ಸ್ಪರ್ಧೆಗೆ ಆಗ ಹದಿಮೂರು ದಿನ ಉಳಿದಿತ್ತು. ಗೆದ್ದವರಿಗೆ ರಾಜ್ಯದ ತಂಡದಲ್ಲಿ ಸ್ಥಾನ. ಮುಂದಿನ ವರ್ಷಕ್ಕೆ ಕಾಯುವ ವಯಸ್ಸು ತನ್ನದಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊಸ ಬಿಲ್ಲು ಬಿಡಿಬಿಡಿಯಾಗಿ ಬರುತ್ತದೆ. ನಡುವಿನ ಹಿಡಿ ಬೇರೆ, ಮೇಲಿನ ತೋಳು ಬೇರೆ, ಕೆಳಗಿನ ತೋಳು ಬೇರೆ, ಹೆದೆ ಬೇರೆ. ಸುಬೇದಾರರು ಸ್ವತಃ ಕುಳಿತು ಅದನ್ನು ಜೋಡಿಸಿದರು. ಎರಡು ತೋಳುಗಳು ಒಂದೇ ನೇರದಲ್ಲಿವೆಯೇ ಎಂದು ಹೆದೆಯ ಹಿಂದೆ ನಿಂತು ನೋಡಿದರು. ಹಿಡಿಯಿಂದ ಹೆದೆಗೆ ಎಂಟೂಮುಕ್ಕಾಲು ಇಂಚು ಬರುವ ತನಕ ಹೆದೆಯನ್ನು ಹುರಿಮಾಡಿದರು. ಬಾಣ ಸಿಕ್ಕಿಸುವ ಜಾಗದಲ್ಲಿ ಅಳೆದು ದಾರದ ಗಂಟು ಕಟ್ಟಿದರು. ಬಾಣದ ಪಕ್ಕೆಗೆ ಆನಿಕೊಳ್ಳುವ ಸ್ಪ್ರಿಂಗಿನ ಗುಂಡಿಯನ್ನು ಎಣಿಸಿ ಆರು ಸುತ್ತು ಬಿಗಿದರು.

“ಇವು ಮೂರು ನನ್ನ ಅಳತೆ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನನ್ನ ಕೈಬಿಟ್ಟಿಲ್ಲ. ಇವನ್ನು ಮುಟ್ಟಬೇಡ” ಎಂದರು.

ಅವಳು ಬಿಲ್ಲಿಗೆ ನಮಸ್ಕಾರ ಮಾಡಿ, ಅವರಿಗೂ ನಮಸ್ಕಾರ ಮಾಡಿದಳು.

ಮರುದಿನದಿಂದ ಬಾಣಗಳು ಚೆದುರತೊಡಗಿದವು. ಒಂದು ಗುರಿಯ ನಡುವಿನ ಹಳದಿಯಲ್ಲಿ ಬಿದ್ದರೆ ಇನ್ನೊಂದು ಹೊರಗಿನ ನೀಲಿಯಲ್ಲಿ. ಬಿಟ್ಟಾಗೆಲ್ಲ ಬಿಲ್ಲು ಠಪ್ಪೆಂದು ಸದ್ದು ಮಾಡಿ ಕೈಯಲ್ಲಿ ನಡುಗುತ್ತಿತ್ತು. ಸುಬೇದಾರರು ಹಿಂದೆ ನಿಂತು ನೋಡಿ, “ಬಿಲ್ಲು ಸರಿಯಾಗಿದೆ. ನಿನ್ನ ಕೈ ಹೆದರಿದೆ” ಎಂದರು. ಅವಳು ನಂಬಿದಳು. ದಿನಕ್ಕೆ ನೂರಿದ್ದದ್ದನ್ನು ಇನ್ನೂರು ಬಾಣ ಮಾಡಿದಳು, ಇನ್ನೂರನ್ನು ಮುನ್ನೂರು ಮಾಡಿದಳು. ಬೆರಳುಗಳ ಚರ್ಮ ಸುಲಿಯಿತು. ಬಸ್ಸಿನಲ್ಲಿ ಟಿಕೆಟ್ ಹರಿಯುವಾಗ ಉರಿಯುತ್ತಿತ್ತು. ಬಾಣಗಳು ಹಾಗೆಯೇ ಚೆದುರಿದವು. ತನ್ನ ಎಂಟು ವರ್ಷವೂ ನೀರಿಗೆ ಹೋಯಿತು ಎಂದುಕೊಂಡಳು.

ಆರನೆಯ ದಿನ ಒಂದು ಬಾಣದ ಗರಿಗಳು ಬಿಸಿಲಿಗೆ ಅಂಟು ಬಿಟ್ಟು ಉದುರಿದ್ದವು. ಅವಳು ಗಮನಿಸಲಿಲ್ಲ. ಉಳಿದವುಗಳ ಜೊತೆ ಅದನ್ನೂ ಬಿಟ್ಟಳು. ಆ ಬಾಣ ಉಳಿದವುಗಳಿಂದ ಮೊಳ ದೂರ ಎಡಕ್ಕೆ, ಗೇಣು ಮೇಲಕ್ಕೆ ಹೋಗಿ ಹುಲ್ಲಿನ ಗುರಿಗೆ ಓರೆಯಾಗಿ ಚುಚ್ಚಿಕೊಂಡಿತು. ಕೀಳುವಾಗ ಗರಿಯಿಲ್ಲದ್ದು ಕಂಡಿತು. ಆದರೂ ಕೈ ತಪ್ಪಿತೇನೋ ಎಂದು ಅದನ್ನೇ ಮತ್ತೆ ಬಿಟ್ಟಳು. ಅದು ಮತ್ತೆ ಅಲ್ಲಿಗೇ ಹೋಯಿತು. ಮೂರನೆಯ ಸಲವೂ ಅಲ್ಲಿಗೇ.

ನಾಗವೇಣಿ ಆ ಬಾಣದ ಮುಂದೆ ಬಹಳ ಹೊತ್ತು ನಿಂತಳು. ಬಾಣ ಓರೆಯಾಗಿ ಹೊರಟರೂ ಗರಿ ಅದನ್ನು ದಾರಿಯಲ್ಲಿ ಅಷ್ಟಿಷ್ಟು ತಿದ್ದುತ್ತದೆ. ಗರಿಯಿಲ್ಲದ ಬಾಣವನ್ನು ತಿದ್ದುವವರಿಲ್ಲ. ಬಿಲ್ಲು ಹೇಗೆ ಕಳಿಸಿತೋ ಹಾಗೆಯೇ ಹೋಗಿ ಬೀಳುತ್ತದೆ. ಇದನ್ನು ಅವಳಿಗೆ ಹಿಂದೊಮ್ಮೆ ಹೇಳಿಕೊಟ್ಟವರು ಸುಬೇದಾರರೇ.

ಅವಳು ಅವರ ಹತ್ತಿರ ಹೋದಳು.

“ಸರ್, ಬಿಲ್ಲಿನ ಅಳತೆ ಒಮ್ಮೆ ನೋಡೋಣವೇ?”

“ನಾನು ಕಟ್ಟಿದ ಬಿಲ್ಲು ಅದು” ಎಂದರು ಸುಬೇದಾರರು. “ಕೈ ಸೋತವರು ಬಿಲ್ಲಿನ ಮೇಲೆ ತಪ್ಪು ಹೊರಿಸುತ್ತಾರೆ. ನೀನು ಹಾಗಾಗಬೇಡ.”

ಅವಳು ತಲೆ ತಗ್ಗಿಸಿ ಹೊರಟುಹೋದಳು.

ಮರುದಿನ ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ಕೊನೆಯ ಸ್ಟಾಪಿನಲ್ಲಿ ಚಹಾ ಕುಡಿಯುವಾಗ ಡ್ರೈವರ್ ಮೌಲಾಸಾಬ ಕೇಳಿದ. ಆತ ಅವಳಿಗಿಂತ ಹಿರಿಯ. ಆರು ವರ್ಷದಿಂದ ಇಬ್ಬರದೂ ಒಂದೇ ಗಾಡಿ.

“ಏನಾಯ್ತು ತಂಗಿ?”

ಅವಳು ಎಲ್ಲವನ್ನೂ ಹೇಳಿದಳು. ಸುಬೇದಾರರು ಇಲ್ಲದಿದ್ದರೆ ತಾನು ಬಿಲ್ಲನ್ನೇ ಮುಟ್ಟುತ್ತಿರಲಿಲ್ಲ ಎಂದಳು. ಅವರ ಅಳತೆಯನ್ನು ಬದಲಿಸಿದರೆ ಉಂಡ ಮನೆಗೆ ದ್ರೋಹ ಬಗೆದಂತೆ ಎಂದಳು.

ಮೌಲಾಸಾಬ ಲೋಟ ಕೆಳಗಿಟ್ಟ. “ಬೇರೆಯವರ ಗಾಡಿ ಕೈಗೆ ಬಂದರೆ ನಾನು ಮೊದಲು ಕನ್ನಡಿ ಸರಿಮಾಡಿಕೊಳ್ಳುತ್ತೇನೆ. ಅದನ್ನು ಓಡಿಸಿದವನು ನನಗಿಂತ ಗಟ್ಟಿಗ ಇರಬಹುದು. ಆದರೂ ಅವನು ಇಟ್ಟ ಕನ್ನಡಿಯಲ್ಲಿ ನನಗೆ ಹಿಂದಿನ ರಸ್ತೆ ಕಾಣುವುದಿಲ್ಲ” ಎಂದ. ಅಷ್ಟು ಹೇಳಿ ಹೋಗಿ ಸ್ಟೇರಿಂಗ್ ಹಿಡಿದ.

ಎಂಟನೆಯ ದಿನ ಬೆಳಗ್ಗೆ ಅವಳು ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಬಂದಳು. ಮೂರು ಬಾಣಗಳ ಗರಿಗಳನ್ನು ತಾನೇ ಕಿತ್ತಳು. ಹದಿನೆಂಟು ಮೀಟರ್ ದೂರದಲ್ಲಿ ಗುರಿ ಇಟ್ಟಳು. ಮೊದಲು ಹೆದೆಯನ್ನು ತೆಗೆದು ನಾಲ್ಕು ಹುರಿ ಬಿಚ್ಚಿದಳು. ಬಿಲ್ಲಿನ ಸದ್ದು ಕೊಂಚ ಇಳಿಯಿತು. ಮತ್ತೆ ನಾಲ್ಕು ಬಿಚ್ಚಿದಳು. ಎಂಟೂವರೆ ಇಂಚಿಗೆ ಬಂದಾಗ ಠಪ್ಪೆನ್ನುವ ಸದ್ದು ನಿಂತಿತು. ಕೈಯಲ್ಲಿನ ನಡುಕವೂ ನಿಂತಿತು. ಆ ದಿನ ಬೇರೇನನ್ನೂ ಅವಳು ಬದಲಿಸಲಿಲ್ಲ.

ಒಂಬತ್ತನೆಯ ದಿನ ದಾರದ ಗಂಟನ್ನು ಬಿಚ್ಚಿ ಕೂದಲೆಳೆಯಷ್ಟು ಮೇಲಕ್ಕೆ ಕಟ್ಟಿದಳು. ಬಿಟ್ಟು ನೋಡಿದಳು. ಮತ್ತೆ ಬಿಚ್ಚಿದಳು, ಮತ್ತೆ ಕಟ್ಟಿದಳು. ಐದನೆಯ ಸಲಕ್ಕೆ ಗರಿಯಿಲ್ಲದ ಬಾಣಗಳು ಉಳಿದವುಗಳ ಮಟ್ಟಕ್ಕೆ ಇಳಿದವು. ಎಡಕ್ಕೆ ಹೋಗುವುದು ಮಾತ್ರ ಇನ್ನೂ ಇತ್ತು.

ಹತ್ತನೆಯ ದಿನ ಸ್ಪ್ರಿಂಗಿನ ಗುಂಡಿ. ಅರ್ಧ ಸುತ್ತು ಸಡಿಲಿಸಿದಳು. ಆರು ಬಾಣ ಬಿಟ್ಟಳು. ಇನ್ನರ್ಧ ಸುತ್ತು. ಇನ್ನಾರು ಬಾಣ. ಎರಡು ಸುತ್ತಾಗುವ ಹೊತ್ತಿಗೆ ಗರಿಯಿದ್ದ ಬಾಣ ಯಾವುದು, ಇಲ್ಲದ್ದು ಯಾವುದು ಎಂದು ಹದಿನೆಂಟು ಮೀಟರಿನಿಂದ ಗುರುತು ಹಿಡಿಯಲಾಗಲಿಲ್ಲ. ಆರೂ ಒಂದು ಹಿಡಿಯೊಳಗೆ ನಿಂತಿದ್ದವು. ಅವಳು ಹೋಗಿ ಆರನ್ನೂ ಒಂದೇ ಕೈಯಲ್ಲಿ ಹಿಡಿದು ಕಿತ್ತಳು. ಕಿತ್ತು ಅಲ್ಲೇ ನಿಂತು ಜೋರಾಗಿ ನಕ್ಕಳು. ಮೈದಾನದಲ್ಲಿ ಯಾರೂ ಇರಲಿಲ್ಲ.

ಅವಳು ಇದನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಅದೇ ದಿನ ಸುಬೇದಾರರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದಳು.

“ಸರ್, ನಿಮ್ಮ ಮೂರೂ ಅಳತೆ ಬದಲಿಸಿದ್ದೇನೆ.”

“ಯಾರನ್ನು ಕೇಳಿ?”

“ಬಾಣವನ್ನು ಕೇಳಿ, ಸರ್. ಕೈಯನ್ನು ನೀವು ಕಟ್ಟಿದ್ದೀರಿ. ಅದು ಪ್ರತಿ ಸಲವೂ ಒಂದೇ ರೀತಿ ಬಿಟ್ಟಿತು. ಅದಕ್ಕೇ ತಪ್ಪು ಕೈಯದ್ದಲ್ಲ ಎಂದು ನನಗೆ ಗೊತ್ತಾಯಿತು.”

ಸುಬೇದಾರರು, “ಹಾಗಾದರೆ ಸ್ಪರ್ಧೆಯಲ್ಲಿ ನಿನ್ನ ಹಿಂದೆ ಕೂರಲು ನಾನು ಬೇಕಾಗಿಲ್ಲ” ಎಂದು ಒಳಗೆ ಹೋದರು.

ಸ್ಪರ್ಧೆಗೆ ಅವಳು ಒಬ್ಬಳೇ ಹೋದಳು. ಎಲ್ಲ ಬಿಲ್ಲುಗಾರರ ಹಿಂದೆಯೂ ಅವರ ಗುರುಗಳು ಕುಳಿತಿದ್ದರು. ಅವಳ ಹಿಂದಿನ ಕುರ್ಚಿ ಖಾಲಿ. ಮೊದಲ ದಿನ ಎಪ್ಪತ್ತು ಮೀಟರಿಗೆ ಎಪ್ಪತ್ತೆರಡು ಬಾಣ. ಅವಳು ಐದನೆಯವಳಾಗಿ ಮುಗಿಸಿದಳು. ಅಷ್ಟು ಅಂಕ ಅವಳಿಗೆ ಹಿಂದೆಂದೂ ಬಂದಿರಲಿಲ್ಲ. ಮರುದಿನ ಒಬ್ಬರೆದುರು ಒಬ್ಬರು. ಒಂದು ಪಂದ್ಯ ಗೆದ್ದಳು, ಎರಡು ಗೆದ್ದಳು, ಮೂರು ಗೆದ್ದಳು. ಕೊನೆಯ ಪಂದ್ಯದಲ್ಲಿ ಎದುರಿಗೆ ನಿಂತವಳು ಹಿಂದಿನ ವರ್ಷ ಗೆದ್ದಿದ್ದ ಒಬ್ಬ ಪೊಲೀಸ್ ಪೇದೆ.

ಸುತ್ತಿಗೆ ಮೂರು ಬಾಣ. ಸುತ್ತು ಗೆದ್ದರೆ ಎರಡು ಅಂಕ, ಸಮವಾದರೆ ಒಂದೊಂದು. ಮೊದಲು ಆರು ಅಂಕ ಮುಟ್ಟಿದವರಿಗೆ ಗೆಲುವು. ಮೊದಲ ಸುತ್ತು ಸಮವಾಯಿತು. ಎರಡನೆಯದನ್ನು ನಾಗವೇಣಿ ಸೋತಳು. ಮೂರನೆಯದನ್ನೂ ಸೋತಳು. ಪೇದೆಗೆ ಐದು ಅಂಕ, ಇವಳಿಗೆ ಒಂದು.

ಆಗ ಅವಳು ತಿರುಗಿ ನೋಡಿದಳು. ಬೇಲಿಯ ಆಚೆ, ಜನರ ಹಿಂದೆ, ಸುಬೇದಾರರು ನಿಂತಿದ್ದರು. ಯಾವಾಗ ಬಂದರೋ ಅವಳಿಗೆ ಗೊತ್ತಿಲ್ಲ.

ಗುಂಡಿ ತಿರುಗಿಸುವ ಕೀಲಿ ಸೊಂಟದ ಚೀಲದಲ್ಲಿತ್ತು. ಎರಡು ಸುತ್ತು ಬಿಗಿದರೆ ಗುಂಡಿಯಾದರೂ ಗುರುವಿನ ಅಳತೆಗೆ ಬರುತ್ತದೆ. ಸೋತರೂ ಗುರುವಿನ ಮಾತಿನಂತೆ ಸೋತೆ ಎನ್ನಬಹುದು. ಅವಳ ಕೈ ಕೀಲಿಯ ಮೇಲೆ ಹೋಯಿತು. ಅಷ್ಟರಲ್ಲಿ ದೂರದ ಗುರಿಯ ಕಡೆ ನೋಡಿದಳು. ಅವಳ ಮೂರು ಬಾಣಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ನಡುವಿಗಲ್ಲ, ಎಡಕ್ಕೆ. ಕಂಬದ ಮೇಲಿನ ಬಾವುಟ ಬಲದಿಂದ ಎಡಕ್ಕೆ ಹಾರುತ್ತಿತ್ತು.

ಬಿಲ್ಲು ತಪ್ಪಿದ್ದರೆ ಬಾಣಗಳು ಚೆದುರಬೇಕಿತ್ತು. ಇವು ಚೆದುರಿಲ್ಲ. ಗಾಳಿ ತಳ್ಳಿದೆ, ಅಷ್ಟೇ. ಅವಳು ಕೀಲಿಯನ್ನು ಬಿಟ್ಟಳು. ಗುರಿ ನೋಡುವ ಸೈಟನ್ನು ಎರಡು ಗೆರೆ ಎಡಕ್ಕೆ ಸರಿಸಿದಳು. ಸೈಟು ಎಡಕ್ಕೆ ಹೋದರೆ ಬಾಣದ ಮುಖ ಬಲಕ್ಕೆ ತಿರುಗುತ್ತದೆ. ಬೇರೇನನ್ನೂ ಮುಟ್ಟಲಿಲ್ಲ.

ನಾಲ್ಕನೆಯ ಸುತ್ತಿನಲ್ಲಿ ಹತ್ತು, ಒಂಬತ್ತು, ಹತ್ತು. ಗೆದ್ದಳು. ಐದನೆಯದರಲ್ಲಿ ಹತ್ತು, ಹತ್ತು, ಒಂಬತ್ತು. ಗೆದ್ದಳು. ಐದಕ್ಕೆ ಐದು ಸಮವಾಯಿತು. ಇನ್ನು ಒಬ್ಬೊಬ್ಬರಿಗೆ ಒಂದೇ ಬಾಣ. ಪೇದೆ ಮೊದಲು ಬಿಟ್ಟಳು. ಒಂಬತ್ತು. ನಾಗವೇಣಿ ಎಳೆದಳು. ರಬ್ಬರ್ ಪಟ್ಟಿ ಎಳೆಯುತ್ತಿದ್ದ ಮೊದಲ ದಿನಗಳಲ್ಲಿ ಹೇಗೆ ನಿಲ್ಲುತ್ತಿದ್ದಳೋ ಹಾಗೆ ನಿಂತು, ಬಿಟ್ಟಳು.

ಹತ್ತು. ನಟ್ಟನಡುವೆ.

ಜನರ ನಡುವಿನಿಂದ ಮೌಲಾಸಾಬ ಎದ್ದು ನಿಂತು, ಕೈ ಬೀಸಿ, “ರೈಟ್! ರೈಟ್!” ಎಂದು ಕೂಗಿದ. ಡಿಪೋದಿಂದ ಬಂದಿದ್ದ ಮೂವತ್ತು ಮಂದಿಯೂ ಹಾಗೆಯೇ ಕೂಗಿದರು. ಅವರು ಯಾಕೆ ಹಾಗೆ ಕೂಗುತ್ತಿದ್ದಾರೆಂದು ತಿಳಿಯದವರೂ ಜೊತೆಗೆ ಕೂಗಿದರು. ಮೈದಾನವೆಲ್ಲ ಅದೇ ಕೂಗು. ಸೋತ ಪೇದೆಯೇ ಬಂದು ನಾಗವೇಣಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಅವಳು ನಗುತ್ತಿದ್ದಳು, ಅಳುತ್ತಿದ್ದಳು.

ಬಿಲ್ಲು ಹಿಡಿದುಕೊಂಡೇ ಅವಳು ಬೇಲಿಯ ಕಡೆ ಓಡಿದಳು. ಸುಬೇದಾರರ ಪಾದ ಮುಟ್ಟಿದಳು.

“ಐದಕ್ಕೆ ಒಂದಿದ್ದಾಗ ಏನನ್ನು ಬದಲಿಸಿದೆ?” ಎಂದು ಅವರು ಕೇಳಿದರು.

“ಸೈಟು ಮಾತ್ರ, ಸರ್. ಎರಡು ಗೆರೆ.”

“ಬಿಲ್ಲನ್ನು ಮುಟ್ಟಲಿಲ್ಲವೇ?”

“ಇಲ್ಲ.”

“ನಾನಾಗಿದ್ದರೆ ಮುಟ್ಟಿಬಿಡುತ್ತಿದ್ದೆ” ಎಂದರು ಸುಬೇದಾರರು. ಅವಳನ್ನು ಎಬ್ಬಿಸಿ, ಅವಳ ಕೈಯಲ್ಲಿದ್ದ ಬಿಲ್ಲನ್ನು ತಾವೇ ಹೊತ್ತುಕೊಂಡು ಜನರ ನಡುವೆ ನಡೆದರು. ಎದುರು ಸಿಕ್ಕವರಿಗೆಲ್ಲ, “ಇವಳು ನನ್ನ ಶಿಷ್ಯೆ. ಈ ಬಿಲ್ಲನ್ನು ಇವಳೇ ಹದಮಾಡಿದ್ದು” ಎಂದು ಹೇಳಿದರು. ಕೇಳದವರಿಗೂ ಹೇಳಿದರು.

ಮುಂದಿನ ಸೋಮವಾರ ಸುಬೇದಾರರು ಮೈದಾನಕ್ಕೆ ಎಲ್ಲ ಶಿಷ್ಯರನ್ನೂ ಅವರವರ ಬಿಲ್ಲಿನ ಸಮೇತ ಕರೆಸಿದರು. ಹನ್ನೊಂದು ಬಿಲ್ಲುಗಳಿದ್ದವು. ಹನ್ನೊಂದಕ್ಕೂ ಒಂದೇ ಅಳತೆ. ಒಬ್ಬೊಬ್ಬರನ್ನೂ ಕರೆದು, ಅವರ ಬಾಣಗಳ ಗರಿಯನ್ನು ತಮ್ಮ ಕೈಯಾರೆ ಕಿತ್ತರು. ನಾಗವೇಣಿ ಬಿಲ್ಲುಗಳನ್ನು ಹದಮಾಡುತ್ತ ಹೋದಳು. ಸುಬೇದಾರರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಕೇಳಿದಾಗ ದಾರ ಕೊಟ್ಟರು, ಕೇಳಿದಾಗ ಕೀಲಿ ಕೊಟ್ಟರು. ಸಂಜೆಯ ಹೊತ್ತಿಗೆ ಹನ್ನೊಂದು ಬಿಲ್ಲಿಗೆ ಹನ್ನೊಂದು ಅಳತೆಯಾದವು. ಅಷ್ಟು ಸಂತೋಷದಲ್ಲಿದ್ದ ಸುಬೇದಾರರನ್ನು ಅವರ ಶಿಷ್ಯರು ಎಂದೂ ನೋಡಿರಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಬೆಳಗಿತ್ತು. ಕೈಮುಗಿದು ಮೆಲ್ಲಗೆ ಕೇಳಿದ.

“ಹಾಗಾದರೆ ಗುರುಗಳೇ, ನಾನೂ ನಿಮ್ಮ ಮಾತನ್ನು ಮೀರಬಹುದೇ?”

ಗುರುಗಳು ಅವನನ್ನು ನೋಡಿ ನಕ್ಕು ಹೇಳಿದರು:

“ಮೀರುವುದಕ್ಕೂ ನನ್ನ ಅಪ್ಪಣೆಯೇ ಬೇಕೇನಪ್ಪ?”