ಪ್ರಧಾನಿ ಹಾಕಿದ ಹುಣಸೆ ಬೀಜ

"ಒಂದು ಓಲೆ ಮುಗಿಸೋಕೆ ಬಿಡ್ತೀರಾ ನೀವು? ಬೆಳಗಿನಿಂದ ಇದು ಏಳನೇ ಸಲ!"

ಬೊಮ್ಮವ್ವ ಬರೆಯುವ ಕಡ್ಡಿಯನ್ನು ಕೆಳಗೆ ಕುಕ್ಕಿ ಬಾಗಿಲ ಕಡೆ ನೋಡಿದಳು. ಬಣ್ಣಗಾರ ತಿಮ್ಮಣ್ಣ ಮೊಣಕೈವರೆಗೆ ನೀಲಿಯಾಗಿ ನಿಂತಿದ್ದ.

"ಏನು ಮಾಡಲಿ ಅವ್ವಾ, ಬಣ್ಣ ನೂಲಿಗೆ ಹಿಡೀತಿಲ್ಲ. ನನಗೆ ಮಾತ್ರ ಹಿಡಿದಿದೆ."

ಬೈಯುತ್ತಲೇ ಎದ್ದಳು. ಹುಲಿಗುಡ್ಡದ ಕೋಟೆಯಲ್ಲಿ ಓಲೆಮನೆ ಅಂತ ಒಂದು ಇದ್ದದ್ದೇ ಇದಕ್ಕೆ. ಹಳೆಯ ಕಸುಬುದಾರರು ಕಣ್ಣು ಮುಚ್ಚುವ ಮೊದಲು ಅವರ ಕೈಗುಟ್ಟನ್ನು ಕೇಳಿ ತಾಳೆಗರಿಯ ಮೇಲೆ ಬರೆದಿಡಬೇಕು, ಕೇಳಿ ಬಂದವರಿಗೆ ಓದಿ ಹೇಳಬೇಕು. ಬೊಮ್ಮವ್ವ ಅದರ ಯಜಮಾನಿ. ಬರೆಯಲು ಜೊತೆಗೆ ಶೇಷಯ್ಯ.

ಓಲೆ ತೆಗೆದು ಓದಿ ಹೇಳಿ, ಓಡುತ್ತಿದ್ದ ತಿಮ್ಮಣ್ಣನ ಬೆನ್ನಿಗೆ ಕೂಗಿದಳು: "ಬಣ್ಣ ಹಿಡಿದರೆ ಬಂದು ಗಡಿಗೆಗೆ ಒಂದು ಹುಣಸೆ ಬೀಜ ಹಾಕು. ಹಿಡಿಯದಿದ್ದರೆ ಬಂದು ಬೈದು ಹೋಗು!"

ಅದು ಓಲೆಮನೆಯ ಪದ್ಧತಿ.

ಮತ್ತೆ ಕೂತು ಕಡ್ಡಿ ಹಿಡಿಯುವಷ್ಟರಲ್ಲಿ ಎಂಟನೆಯವನು ಬಂದ. ಹೊಸ ಪ್ರಧಾನಿ ಸೋವರಸಯ್ಯ. ಅಳೆಯದೆ ಅನ್ನವನ್ನೂ ಉಣ್ಣದ ಮನುಷ್ಯ.

"ಕಳೆದ ತಿಂಗಳು ಎಷ್ಟು ಓಲೆ ಬರೆದಿರಿ?"

"ಹದಿಮೂರು."

"ಇಬ್ಬರು ಸೇರಿ ಹದಿಮೂರು! ನಮ್ಮ ಕುಂಬಾರ ದಿನಕ್ಕೆ ನಲವತ್ತು ಮಡಕೆ ಮಾಡ್ತಾನೆ."

"ಮಡಕೆ ಸೋರಿದರೆ ಅವತ್ತೇ ಗೊತ್ತಾಗುತ್ತೆ ಸ್ವಾಮಿ. ಓಲೆ ಸೋರಿದರೆ ಊರು ಮುಳುಗಿದ ಮೇಲೆ ಗೊತ್ತಾಗೋದು."

"ಬಾಯಿ ಜೋರು! ಅಳೆಯೋಕೆ ಬಾರದ ಕೆಲಸ ಕೆಲಸವೇ ಅಲ್ಲ. ಮುಂದಿನ ಹುಣ್ಣಿಮೆಗೆ ಸಾವಿರ ಓಲೆ ಆಗಿರಬೇಕು. ಒಂದು ಕಡಿಮೆಯಾದರೂ ಓಲೆಮನೆಗೆ ಬೀಗ, ನಿಮ್ಮಿಬ್ಬರಿಗೂ ಮನೆ ದಾರಿ. ಬಂದವರ ಜೊತೆ ಹರಟೆ ಸಾಕು. ಬಾಗಿಲು ಹಾಕಿಕೊಂಡು ಬರೀರಿ."

ಹೋಗುವಾಗ ಬೀಜದ ಗಡಿಗೆಯನ್ನು ಕಾಲಿನಿಂದ ಮೂಲೆಗೆ ತಳ್ಳಿಯೂ ಹೋದ.

ಶೇಷಯ್ಯ ತಲೆ ಮೇಲೆ ಕೈ ಹೊತ್ತ. "ಅಕ್ಕಾ, ಮನೇಲಿ ಐದು ಹೊಟ್ಟೆ ಇವೆ. ಸಾವಿರ ಗುಟ್ಟು ಎಲ್ಲಿಂದ ತರೋಣ?"

ಬೊಮ್ಮವ್ವ ಪಕ್ಕದಲ್ಲಿದ್ದ ತನ್ನ ಮಗುವಿನ ತೊಟ್ಟಿಲನ್ನು ಕಾಲಿನಿಂದಲೇ ತೂಗಿದಳು. "ಇಲ್ಲೂ ಒಂದು ಹೊಟ್ಟೆ ಇದೆ ಕಣಯ್ಯ. ಅವರು ಗುಟ್ಟು ಕೇಳಿದರಾ? ಓಲೆ ಕೇಳಿದರು. ಹಿಡಿ ಕಡ್ಡಿ. ಆನೆಗೆ ಕಿವಿ ಎರಡು. ಒಂದು ಓಲೆ ಆಯ್ತು. ಎಡಗಿವಿ ಎಡಕ್ಕಿದೆ. ಎರಡು."

ಹುಣ್ಣಿಮೆಯ ಬೆಳಿಗ್ಗೆಗೆ ಒಂಬೈನೂರ ತೊಂಬತ್ತೊಂದು ಓಲೆಯಾಗಿದ್ದವು.

ಅವತ್ತೇ ನೆರೆಸೀಮೆಯ ನಾಯಕ ಹುಲಿಗುಡ್ಡಕ್ಕೆ ಬರುವವನಿದ್ದ. ಅವನನ್ನು ಎದುರುಗೊಳ್ಳಲು ಅರಸ ರಂಗಪ್ಪನಾಯಕ ಪಟ್ಟದಾನೆ ಚೆಲುವಿಯನ್ನೇರಿ ಹೊರಟ. ಚೆಲುವಿ ಕೋಟೆ ಬಾಗಿಲಿಗೆ ಬಂದಳು, ಅಲ್ಲಿಯ ತಂಪು ನೆರಳು ನೋಡಿದಳು, ಬಾಗಿಲ ತುಂಬ ಕೂತುಬಿಟ್ಟಳು.

ಕಬ್ಬು ಕೊಟ್ಟರು. ತಿಂದಳು, ಏಳಲಿಲ್ಲ. ನಗಾರಿ ಬಡಿದರು. ಕಿವಿ ಬೀಸಿಕೊಂಡಳು, ಏಳಲಿಲ್ಲ. ಹಳೆಯ ಮಾವುತ ದಸ್ತಗೀರ ಸಾಬನಿಗೆ ಅವಳ ಮರ್ಮ ಗೊತ್ತಿತ್ತು. ಅವನು ತೀರಿಕೊಂಡು ವರ್ಷವಾಗಿತ್ತು. ದೂರದಲ್ಲಿ ಅತಿಥಿಯ ಕುದುರೆಗಳ ಧೂಳು ಕಾಣಿಸಿತು.

"ಸೋವರಸಯ್ಯಾ!" ಮೇಲಿನಿಂದ ಅರಸ ಗುಡುಗಿದ. "ಅವನು ಬಂದು ಇದನ್ನು ನೋಡಿದರೆ ನಿನ್ನ ತಲೆ ನಿನ್ನದಲ್ಲ!"

ಪ್ರಧಾನಿ ಓಡಿದ. ಓಲೆಮನೆಯ ಬಾಗಿಲು ಬಡಿದ.

"ಬಾಗಿಲು ತೆಗಿ! ನಾನು ಪ್ರಧಾನಿ!"

"ಬಂದವರ ಜೊತೆ ಮಾತಾಡಬಾರದು ಅಂತ ಪ್ರಧಾನಿಗಳ ಅಪ್ಪಣೆಯಾಗಿದೆ," ಒಳಗಿನಿಂದ ಬೊಮ್ಮವ್ವ ಹೇಳಿದಳು. "ಇನ್ನೂ ಒಂಬತ್ತು ಓಲೆ ಬಾಕಿ."

"ಅಪ್ಪಣೆ ಕೊಟ್ಟವನೇ ನಾನಮ್ಮಾ! ಆನೆ ಕೂತುಬಿಟ್ಟಿದೆ, ಅರಸರು ಮೇಲಿದ್ದಾರೆ!"

"ಬರಕೋ ಶೇಷಯ್ಯ. ಆನೆ ಕೂತಾಗ ಅರಸರು ಮೇಲಿರುತ್ತಾರೆ. ಇನ್ನು ಎಂಟು."

ಪ್ರಧಾನಿಯ ದನಿ ಅಳುವಿಗೆ ಬಂದಾಗ ಬಾಗಿಲು ತೆರೆಯಿತು. "ಆನೆ ವಿಷಯದ ಓಲೆಗಳು ಅಗೋ ಅಲ್ಲಿವೆ. ಮುನ್ನೂರಕ್ಕೆ ಮೇಲಿವೆ. ಹುಡುಕಿಕೊಳ್ಳಿ."

ಅವನು ಒಂದೊಂದೇ ಎತ್ತಿ ಓದಿದ. "ಆನೆಯ ಬಾಲ ಹಿಂದಿದೆ... ಆನೆ ಬೆಕ್ಕಿಗಿಂತ ದೊಡ್ಡದು... ಏನೇ ಇದೆಲ್ಲ?"

"ನೀವು ಕೇಳಿದ ಅಳತೆ ಸ್ವಾಮಿ."

"ತಾಯೀ, ನನ್ನ ತಲೆ ಉಳಿಸು!"

"ಸಾವಿರ ಓಲೆ?"

"ಬೇಡ!"

"ಬೀಗ?"

"ನನ್ನ ಬಾಯಿಗೆ ಹಾಕು!"

ಬೊಮ್ಮವ್ವ ಜಂತಿಗೆ ಕಟ್ಟಿದ್ದ ಹಳೆಯ ಓಲೆಗಳ ಕಟ್ಟಿನೊಳಗೆ ಕೈ ಹಾಕಿ, ಕಣ್ಣೆತ್ತಿಯೂ ನೋಡದೆ ಒಂದು ಓಲೆ ಎಳೆದಳು. ದಸ್ತಗೀರ ಸಾಬನ ಮಾತು: "ಚೆಲುವಿ ಕೂತರೆ ಬೇಡಬೇಡಿ, ಬಡಿಯಬೇಡಿ. ಎಲ್ಲರೂ ಬೆನ್ನು ತಿರುಗಿಸಿ ಹೊರಟುಬಿಡಿ. ಒಂಟಿಯಾಗಿರೋದು ಅವಳಿಂದಾಗದು."

ಹಾಗೇ ಮಾಡಿದರು. ನಗಾರಿಯವರು, ಛತ್ರಿಯವರು, ಕಾವಲಿನವರು, ಎಲ್ಲರೂ ತಿರುಗಿ ಊರೊಳಕ್ಕೆ ನಡೆದರು.

"ಎಲ್ಲಿಗೆ ಹೊರಟಿರೋ! ನಾನು ಇಲ್ಲಿದ್ದೀನಿ!" ಅರಸ ಕಿರುಚಿದ.

ಚೆಲುವಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಧಡಕ್ಕನೆ ಎದ್ದು ಜನರ ಹಿಂದೆ ಓಡಿದಳು. ಎದ್ದವಳನ್ನು ತಿರುಗಿಸುವುದೇನು ಕಷ್ಟ? ಅತಿಥಿ ಬರುವ ಹೊತ್ತಿಗೆ ಅರಸ ಕೋಟೆಯ ಹೊರಗೆ ಮೀಸೆ ತಿರುವುತ್ತಿದ್ದ.

ಸಂಜೆ ಅರಸ ತಾನೇ ಓಲೆಮನೆಗೆ ಬಂದ. ಪ್ರಧಾನಿಗೆ ಜೀವ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

"ಏನೇ ಆದರೂ ಪ್ರಭೂ, ಒಂದು ಅಳತೆ ಅಂತ ಬೇಡವೇ?"

"ಬೇಡ ಅಂದವರು ಯಾರು?" ಬೊಮ್ಮವ್ವ ಮೂಲೆಯ ಗಡಿಗೆಯನ್ನು ಮುಂದಕ್ಕೆಳೆದಳು. "ಈ ವರ್ಷ ಇನ್ನೂರ ಆರು ಬೀಜ. ಒಂದೊಂದು ಬೀಜವೂ ಇಲ್ಲಿ ಕೇಳಿಕೊಂಡು ಹೋಗಿ ಕೆಲಸ ಗೆದ್ದವರದು. ಬೈದು ಹೋದವರು ಹದಿನೆಂಟು ಜನ. ಅವರ ಓಲೆಗಳನ್ನು ತಿದ್ದಿದ್ದೇವೆ. ಬರೋ ವರ್ಷಕ್ಕೆ ಬೀಜ ಮುನ್ನೂರು, ಬೈಗುಳ ಹತ್ತು. ಇದು ನಮ್ಮ ಗುರಿ." ಆಮೇಲೆ ಪ್ರಧಾನಿಯ ಕಡೆ ತಿರುಗಿದಳು. "ಅಲ್ಲ ಸ್ವಾಮಿ, ಆನೆ ಎದ್ದಿತಲ್ಲ? ಇನ್ನೂ ಬೀಜ ಹಾಕೇ ಇಲ್ಲ ನೀವು."

ಪ್ರಧಾನಿ ಬೀಜ ಹಾಕಿದ. ಅರಸ ನಕ್ಕ ರಭಸಕ್ಕೆ ಪೇಟ ಜಾರಿ ತೊಟ್ಟಿಲೊಳಕ್ಕೆ ಬಿತ್ತು. ಮಗು ಅದನ್ನು ಹಿಡಿದು ಬಿಡಲಿಲ್ಲ.

"ಇರಲಿ, ಪೇಟ ಮಗುವಿಗೇ. ಶೇಷಯ್ಯನಿಗೆ ಹಾಲು ಕರೆಯುವ ಹಸು. ಓಲೆಮನೆಗೆ ಎಂದೂ ಬೀಗವಿಲ್ಲ. ಆ ಸಾವಿರದ ಲೆಕ್ಕಕ್ಕೆ ಬರೆದ ಓಲೆಗಳನ್ನು ಪ್ರಧಾನಿಯ ಮನೆಗೆ ಹೊರಿಸಿ, ಒಂದೂ ಬಿಡದೆ ಓದಲಿ!"

ಹೊಸ್ತಿಲು ದಾಟಿದ ಅರಸ ಏನೋ ನೆನಪಾಗಿ ನಿಂತ. ಜಂತಿಯ ಕಟ್ಟುಗಳನ್ನು ನೋಡಿದ, ಬೊಮ್ಮವ್ವನನ್ನು ನೋಡಿದ, ಒಂದು ಮಾತು ಕೇಳಿದ. ಬೊಮ್ಮವ್ವ ಬಾಯಿ ತೆರೆದಳು. ಶೇಷಯ್ಯನ ಮುಖ ನೋಡಿದಳು. ಶೇಷಯ್ಯ ಜಂತಿ ನೋಡಿದ. ಬೊಮ್ಮವ್ವ ಒಂದು ಖಾಲಿ ಗರಿ ಎಳೆದುಕೊಂಡು ಕಡ್ಡಿ ಹಿಡಿದಳು.

ಅರಸ ಕೇಳಿದ್ದು ಇಷ್ಟೇ: "ಅಲ್ಲಮ್ಮಾ, ನೋಡದೆಯೇ ಎಳೆದೆಯಂತೆ. ನಾಳೆ ನೀನು ಜ್ವರ ಬಂದು ಮಲಗಿದರೆ, ಯಾವ ಓಲೆ ಎಲ್ಲಿದೆ ಅಂತ ಯಾವ ಓಲೆಯಲ್ಲಿ ಬರೆದಿಟ್ಟಿದ್ದೀಯ?"