ಸಿಪಿಲೆಯ ಬಾಲಕ್ಕೆ ಬಿಡುವಿಲ್ಲ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಟ್ಟಿರಲಿಲ್ಲ, ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆ ಕಾಲದಲ್ಲಿ ಚಳಿಗೂ ಬಾಯಿತ್ತು, ಹಕ್ಕಿಗೂ ಮಾತಿತ್ತು. ಸಿಪಿಲೆ ಹಕ್ಕಿಯ ಬಾಲ ಮಾತ್ರ ಕಡ್ಡಿಯಂತೆ ಸುಮ್ಮನಿತ್ತು.

ದೊಡ್ಡ ಬೆಟ್ಟದ ಬುಡದಲ್ಲಿ ಕೆಂಚವ್ವನ ಮನೆ. ಮೇಲಿನ ಒರತೆಯ ನೀರು ಬಿದಿರಿನ ಕೊಳವೆಯಲ್ಲಿ ಅವಳ ಅಂಗಳಕ್ಕೆ ಬರುತ್ತಿತ್ತು. ಒಂದು ಹನಿ ಪೋಲಾದರೂ ಕೆಂಚವ್ವನ ಜೀವ ಚುರ್ ಎನ್ನುತ್ತಿತ್ತು. ಸಂಜೆಯಾದರೆ ಸಾಕು, ಕೊಳವೆಯ ಬಾಯಿಗೆ ಬೆಣೆ ಜಡಿಯುವಳು.

ಆ ವರ್ಷ ಲೋಕಕ್ಕೆ ಮೊದಲ ಚಳಿಗಾಲ ಬಂತು. ಅದೇ ವಾರ ಅವಳ ಮಗಳು ನಿಂಗಿ ಹೆತ್ತಳು. ಹೆತ್ತ ಮರುದಿನ ಬೆಳಗ್ಗೆ ನೋಡಿದರೆ ಬೆಣೆಯ ಹಿಂದೆ ನಿಂತ ನೀರು ಕಲ್ಲಾಗಿ, ಊದಿಕೊಂಡು, ಅಂಗಳದ ಬಿದಿರನ್ನೇ ಸೀಳಿಹಾಕಿತ್ತು. ಗಡ್ಡೆ ಕರಗಿಸಿದರೆ ಕುಡಿಯಲು ಸಿಕ್ಕಿತು, ಮೀಯಿಸಲು ಸಾಲಲಿಲ್ಲ. ಬಿಸಿನೀರು ಕಾಣದ ಹಸುಗೂಸಿನ ಕೈಕಾಲು ತಣ್ಣಗಾಗುತ್ತಿದ್ದವು.

ಕೆಂಚವ್ವ ಅಟ್ಟದಲ್ಲಿದ್ದ ಕೊನೆಯ ಬಿದಿರು ತಂದು ಜೋಡಿಸಿದಳು. ಅದಕ್ಕೆ ಹುಲ್ಲು ಸುತ್ತಿದಳು, ಹುಲ್ಲಿನ ಮೇಲೆ ತಾನು ಹೊದೆಯುವ ಕಂಬಳಿ ಸುತ್ತಿದಳು. ಅಷ್ಟರಲ್ಲಿ ಹೊತ್ತು ಮುಳುಗಿತು. ನೀರು ಸಣ್ಣಗೆ ತೊಟ್ಟಿಕ್ಕತೊಡಗಿತು.

"ಎಷ್ಟು ಬೇಕಾದರೂ ಸುತ್ತು" ಎಂದು ಗೋಡೆಯ ಮೇಲೆ ಕೂತ ಚಳಿ ನಕ್ಕಿತು. "ನಿಂತ ನೀರು ನನ್ನದೇ."

ಕೆಂಚವ್ವ ಅಭ್ಯಾಸಬಲದಿಂದ ಬೆಣೆಗೆ ಕೈ ಹಾಕಿದಳು. ಹುಟ್ಟುಗುಣ ಸುಟ್ಟರೂ ಹೋದೀತೇ!

"ಬೇಡವ್ವಾ!" ಎಂದಿತು ನೀರು ಕುಡಿಯಲು ಬಂದಿದ್ದ ಸಿಪಿಲೆ. "ಮುಚ್ಚಿದರೆ ಮತ್ತೆ ಕಲ್ಲಾಗ್ತದೆ. ಒಂದೊಂದೇ ಹನಿ ಹಂಡೆಗೆ ಬೀಳಲಿ ಬಿಡು."

"ಕೊಳವೆ ಬಾಯಲ್ಲೇ ಗಡ್ಡೆ ಕಟ್ಟಿದರೆ?"

"ನಾನಿಲ್ವಾ?"

ಕೆಂಚವ್ವ ಹಂಡೆಯ ಕೆಳಗೆ ಕೆಂಡ ಹರಡಿದಳು. ಸಿಪಿಲೆ ಕೊಳವೆಯ ತುದಿಯಲ್ಲಿ ಕೂತಿತು. ಹನಿ ಬಂತು, ಬಾಲ ತಟ್ಟಿತು. ಇನ್ನೊಂದು ಹನಿ ಬಂತು, ಬಾಲ ತಟ್ಟಿತು. ಗಡ್ಡೆ ಕಟ್ಟಲು ಚಳಿಗೆ ಪುರಸೊತ್ತೇ ಸಿಗಲಿಲ್ಲ.

"ಎಲ್ಲಿಯವರೆಗೆ ಹೀಗೆ?" ಚಳಿ ಕೇಳಿತು.

"ಕೂಸು ಮೀಯುವವರೆಗೆ."

ಬೆಳಕು ಹರಿದಾಗ ಹಂಡೆ ತುಂಬಿ ಹಬೆಯಾಡುತ್ತಿತ್ತು. ಕೆಂಚವ್ವ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದಳು. ಕೂಸು ಕೆಂಪಗಾಗಿ, ಮನೆ ಹಾರಿಹೋಗುವ ಹಾಗೆ ಅತ್ತಿತು. ಆ ಅಳು ಕೇಳಿ ನಿಂಗಿ ನಕ್ಕಳು, ಕೆಂಚವ್ವನ ಕಣ್ಣು ತುಂಬಿ ಬಂತು.

ಅವಳು ಹಕ್ಕಿಯನ್ನು ಬೊಗಸೆಯಲ್ಲಿ ಎತ್ತಿಕೊಂಡಳು. "ನನ್ನ ಮನೆಯ ದೀಪ ಉಳಿಸಿದೆಯಲ್ಲೇ ತಾಯಿ! ನಿನ್ನ ಹೊಟ್ಟೆ ತಣ್ಣಗಿರಲಿ... ಅಯ್ಯೋ, ಬೇಡ ಬೇಡ, ಬೆಚ್ಚಗಿರಲಿ! ಇನ್ನಾದರೂ ಬಾಲಕ್ಕೆ ಬಿಡುವು ಕೊಡು."

"ಚಳಿ ಹೋಗಿರೋದು ಬೆಟ್ಟದ ಆಚೆಗಷ್ಟೇ ಅವ್ವಾ" ಎಂದು ಸಿಪಿಲೆ ಪುರ್ರನೆ ಹಾರಿತು.

ಅದಕ್ಕೇ ಮಕ್ಕಳೇ, ನೀರು ಎಂದೂ ಕಲ್ಲಾಗದ ನಮ್ಮೂರಿನ ಕೆರೆ ದಂಡೆಯಲ್ಲೂ, ನಲ್ಲಿ ಕಟ್ಟೆಯಲ್ಲೂ ಸಿಪಿಲೆ ಇವತ್ತಿಗೂ ಬಾಲ ಬಡಿಯುತ್ತಲೇ ಇರುತ್ತದೆ, ಯಾರ ಮನೆಯಲ್ಲೋ ಒಂದು ಕೂಸು ಇನ್ನೂ ಮೀಯಬೇಕಿದೆ ಎಂದುಕೊಂಡು.